ಬಾಬ್ ಡಿಲನ್: ಯಾವ ಆಲ್ಬಮ್‌ನಿಂದ ಕೇಳಲು ಶುರು ಮಾಡಬೇಕು, ಯಾವುದನ್ನು ಜೊತೆಗೆ ಉಳಿಸಿಕೊಳ್ಳಬೇಕು?

ಕೋಲಾರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2016ರಲ್ಲಿ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಬಂದಾಗ, ಹಾಡು ಕಟ್ಟುವವರಿಗೆ ಸಾಹಿತ್ಯದ ಪ್ರಶಸ್ತಿ ಕೊಡುವುದು ಸರಿಯೇ ಎಂಬ ಚರ್ಚೆಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಕೀರ್ತನೆ, ತತ್ವಪದಗಳನ್ನು ಸಾಹಿತ್ಯವೆಂದೇ ಓದಿ ಬೆಳೆದ ನನಗೆ ಆ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. ಆದರೆ ಅವರ ಹಾಡುಗಳನ್ನು ಒಮ್ಮೆ ಕುಳಿತು ಸರಿಯಾಗಿ ಕೇಳಬೇಕೆಂಬ ಆಸೆ ಅಂದಿನಿಂದ ಉಳಿದುಕೊಂಡಿದೆ. ಈ ಬೇಸಿಗೆ ರಜೆಯಲ್ಲಿ ಅದಕ್ಕೆ ಬಿಡುವು ಮಾಡಿಕೊಳ್ಳುತ್ತಿದ್ದೇನೆ.

ಕಷ್ಟವೇನೆಂದರೆ, 1962ರಿಂದ ಈಚೆಗೆ ಅವರ ಸ್ಟುಡಿಯೋ ಆಲ್ಬಮ್‌ಗಳೇ ನಲವತ್ತರ ಆಸುಪಾಸಿನಲ್ಲಿವೆ, ಅದರ ಮೇಲೆ ಕಛೇರಿಗಳ ಧ್ವನಿಮುದ್ರಣ ಮತ್ತು ಹಳೆಯ ಸಂಗ್ರಹಗಳು ಬೇರೆ. ಮೊಬೈಲಿನಲ್ಲಿ ಹೆಸರು ಹಾಕಿದರೆ ಎಲ್ಲ ಕಾಲದ ಜನಪ್ರಿಯ ಹಾಡುಗಳನ್ನು ಕಲೆಸಿದ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ಒಂದು ಹಾಡು ಗಿಟಾರ್ ಮತ್ತು ಮೌತ್ ಆರ್ಗನ್ ಮಾತ್ರ ಇರುವಂಥದ್ದು, ಮುಂದಿನದು ಅಬ್ಬರದ ವಾದ್ಯಗಳದ್ದು, ಅದರ ಮುಂದಿನದರಲ್ಲಿ ದನಿಯೇ ಬೇರೆ. ಮೂರನ್ನೂ ಹಾಡಿದವರು ಒಬ್ಬರೇ ಎಂದು ನಂಬುವುದು ಕಷ್ಟವಾಗುತ್ತದೆ. ಹೀಗೆ ಕೇಳಿದರೆ ಹಾಡುಗಳು ಸಿಗುತ್ತವೆ, ಮನುಷ್ಯ ಸಿಗುವುದಿಲ್ಲ ಎನ್ನಿಸಿತು.

ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಅಮೆರಿಕದ ಉಚ್ಚಾರಣೆ ಮಾತ್ರ ಕಿವಿಗೆ ಸುಲಭವಾಗಿ ನಿಲ್ಲುವುದಿಲ್ಲ. ಎಲ್ಲ ಆಲ್ಬಮ್‌ಗಳನ್ನೂ ಕೇಳಿ ಮುಗಿಸಬೇಕೆಂಬ ಹಟ ನನಗಿಲ್ಲ. ಎರಡು ಮೂರು ಆಲ್ಬಮ್‌ಗಳನ್ನು ಆರಿಸಿಕೊಂಡು, ಅವು ಬಾಯಿಗೆ ಬರುವಷ್ಟು ಕೇಳಬೇಕೆಂಬುದು ನನ್ನ ಇಚ್ಛೆ. ಎಲ್ಲಿಂದ ಶುರು ಮಾಡಲಿ? ನಿಮಗೆ ಯಾವುದು ಇಷ್ಟ, ಏಕೆ ಇಷ್ಟ ಎಂಬುದನ್ನೂ ದಯವಿಟ್ಟು ಬರೆಯಿರಿ.

ಚಾಂಪಿಯನ್ ರೀಫ್:

ಮೇಷ್ಟ್ರಿಗೆ ನಮಸ್ಕಾರ. ಬಹಳ ಜನ 1963ರ 'ದ ಫ್ರೀವೀಲಿನ್ ಬಾಬ್ ಡಿಲನ್' ಆಲ್ಬಮ್‌ನಿಂದ ಶುರು ಮಾಡಿ ಎನ್ನುತ್ತಾರೆ. ನೀವು ಕೋಲಾರದವರಾದ್ದರಿಂದ ನಾನು ಅದರ ನಂತರ, 1964ರ ಆರಂಭದಲ್ಲಿ ಬಂದ 'ದ ಟೈಮ್ಸ್ ದೇ ಆರ್ ಎ-ಚೇಂಜಿನ್' ಆಲ್ಬಮನ್ನು ಮೊದಲು ಕೇಳಿ ಎನ್ನುತ್ತೇನೆ. ಅದರಲ್ಲಿ ಹೆಸರುವಾಸಿಯಾಗಿರುವುದು ಆಲ್ಬಮ್‌ನ ಹೆಸರನ್ನೇ ಹೊತ್ತ ಮೊದಲ ಹಾಡು; ಆದರೆ ನನ್ನ ಮಟ್ಟಿಗೆ ಅದರ ಜೀವ ಇರುವುದು 'ನಾರ್ತ್ ಕಂಟ್ರಿ ಬ್ಲೂಸ್' ಮತ್ತು 'ದ ಲೋನ್ಸಮ್ ಡೆತ್ ಆಫ್ ಹ್ಯಾಟಿ ಕ್ಯಾರಲ್' ಎಂಬ ಎರಡು ಹಾಡುಗಳಲ್ಲಿ.

ಡಿಲನ್ 1941ರಲ್ಲಿ ಮಿನೆಸೋಟಾ ರಾಜ್ಯದ ಡುಲೂತ್‌ನಲ್ಲಿ ಹುಟ್ಟಿದರೂ ಬೆಳೆದದ್ದು ಹಿಬ್ಬಿಂಗ್ ಎಂಬ ಕಬ್ಬಿಣದ ಅದಿರಿನ ಗಣಿ ಊರಿನಲ್ಲಿ. 'ನಾರ್ತ್ ಕಂಟ್ರಿ ಬ್ಲೂಸ್' ಅಂಥ ಒಂದು ಊರಿನ ಹೆಣ್ಣುಮಗಳು ತಾನೇ ಹೇಳಿಕೊಳ್ಳುವ ಕಥೆ. ಅವಳ ತಂದೆ ಗಣಿಯಿಂದ ಮರಳಲಿಲ್ಲ, ಅಣ್ಣನೂ ಮರಳಲಿಲ್ಲ. ಶಾಲೆ ಬಿಟ್ಟು ಗಣಿ ಕಾರ್ಮಿಕನೊಬ್ಬನನ್ನು ಮದುವೆಯಾಗುತ್ತಾಳೆ. ಕೆಲಸ ಅರ್ಧ ದಿನಕ್ಕೆ ಇಳಿಯುತ್ತದೆ, ಬಳಿಕ ಯಾರೋ ಬಂದು ಗಣಿ ಮುಚ್ಚುತ್ತದೆ ಎಂದು ತಿಳಿಸಿ ಹೋಗುತ್ತಾರೆ. ನಿಮ್ಮ ಅದಿರು ದುಬಾರಿಯಾಯಿತು, ದಕ್ಷಿಣ ಅಮೆರಿಕದ ಊರುಗಳಲ್ಲಿ ಬಿಡಿಗಾಸಿಗೆ ಕೆಲಸ ಮಾಡುವ ಜನ ಇದ್ದಾರೆ ಎಂಬುದು ಕಾರಣ. ಗಂಡ ಕುಡಿತಕ್ಕೆ ಬೀಳುತ್ತಾನೆ, ಒಂದು ಬೆಳಗ್ಗೆ ಎದ್ದು ನೋಡಿದರೆ ಅವನು ಇಲ್ಲ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ದೊಡ್ಡವರಾದ ಮೇಲೆ ತನ್ನ ಮಕ್ಕಳೂ ಹೋಗುತ್ತಾರೆ, ಅವರನ್ನು ಹಿಡಿದಿಡಲು ಇಲ್ಲಿ ಏನೂ ಉಳಿದಿಲ್ಲ ಎಂಬಲ್ಲಿಗೆ ಹಾಡು ನಿಲ್ಲುತ್ತದೆ. ನಮ್ಮ ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುವವರಲ್ಲಿ ಎಷ್ಟೋ ಮಂದಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಅವರ ನಡುವೆ ನಿಂತು ಈ ಹಾಡನ್ನು ಕೇಳಿದ ನನಗೆ ಇದು ಯಾವುದೋ ದೂರದೇಶದ ಹಾಡೆಂದು ಅನ್ನಿಸಿಲ್ಲ. ಹಾಡುವಾಗ ಡಿಲನ್ ಅವರಿಗೆ ಇಪ್ಪತ್ತೆರಡು ವಯಸ್ಸು. ಒಂದು ಗಿಟಾರಿನೊಂದಿಗೆ, ದನಿ ಏರಿಸದೆ, ಮಧ್ಯವಯಸ್ಸಿನ ಹೆಂಗಸೊಬ್ಬಳ ಮಾತಾಗಿ ಹಾಡುತ್ತಾರೆ.

'ಹ್ಯಾಟಿ ಕ್ಯಾರಲ್' ಹಾಡಿನ ಕಟ್ಟಡವನ್ನು ನೀವು ಗಮನಿಸಲೇಬೇಕು. 1963ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಹೋಟೆಲೊಂದರ ಔತಣದಲ್ಲಿ ಶ್ರೀಮಂತ ಯುವಕನೊಬ್ಬ ಕೈಕೋಲಿನಿಂದ ಹೊಡೆದದ್ದರಿಂದ ಅಲ್ಲಿ ಕೆಲಸಕ್ಕಿದ್ದ ಕಪ್ಪು ಮಹಿಳೆ ತೀರಿಕೊಂಡರು. ಡಿಲನ್ ಮೊದಲು ಕೊಲೆಯನ್ನು ಹೇಳುತ್ತಾರೆ, ಆಮೇಲೆ ಕೊಂದವನ ಸಿರಿವಂತಿಕೆಯನ್ನು, ಆಮೇಲೆ ಹತ್ತು ಮಕ್ಕಳ ತಾಯಿ ಆ ಹೆಂಗಸು ದಿನವೂ ಎತ್ತುತ್ತಿದ್ದ ಎಂಜಲು ತಟ್ಟೆಗಳನ್ನು. ಪ್ರತಿ ಸಲವೂ ಪಲ್ಲವಿ ಬಂದಾಗ ಕೇಳುಗರಿಗೆ, ಇನ್ನೂ ಅಳುವ ಹೊತ್ತಲ್ಲ ಎನ್ನುತ್ತಾರೆ. ಕೊನೆಯಲ್ಲಿ ನ್ಯಾಯಾಧೀಶರು ಬರುತ್ತಾರೆ, ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತುಗಳೆಲ್ಲ ಮುಗಿಯುತ್ತವೆ, ಆರು ತಿಂಗಳ ಶಿಕ್ಷೆ ಎಂಬ ತೀರ್ಪು ಬೀಳುತ್ತದೆ. ಆಗ ಮಾತ್ರ ಪಲ್ಲವಿ ಬದಲಾಗಿ, ಈಗ ಅಳಿರಿ ಎನ್ನುತ್ತದೆ. ಸತ್ತವರು ಕಪ್ಪು ಜನ, ಕೊಂದವನು ಬಿಳಿಯ ಎಂದು ಹಾಡಿನಲ್ಲಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಕಟ್ಟಿದ್ದಾರೆ. ಆ ಶಿಕ್ಷೆ ಪ್ರಕಟವಾದದ್ದು 1963ರ ಆಗಸ್ಟ್ 28ರಂದು, ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಸಮಾವೇಶದ ದಿನವೇ. ಆ ಸಮಾವೇಶದಲ್ಲಿ ಡಿಲನ್ ಕೂಡ ಹಾಡಿದ್ದರು. ನಿಮ್ಮ ತರಗತಿಯಲ್ಲಿ ಇದನ್ನು ಕೇಳಿಸಬಹುದು ಎಂದು ನನಗನ್ನಿಸುತ್ತದೆ.

ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯ ಪೆಟ್ಟಿಗೆ ಹಾಡಿದ ಹಾಡುಗಳನ್ನು ಕೇಳಿ ಬೆಳೆದವರಿಗೆ ಈ ಆಲ್ಬಮ್ ಪರಿಚಯ ಮಾಡಿಸಬೇಕಾಗಿಯೇ ಇಲ್ಲ. ಇದಾದ ಮೇಲೆ 'ಫ್ರೀವೀಲಿನ್' ಕೇಳಿ. 'ಬ್ಲೋಯಿನ್ ಇನ್ ದ ವಿಂಡ್' ಹಾಡಿನ ಮಟ್ಟು ಗುಲಾಮಗಿರಿಯ ಕಾಲದ ಹಳೆಯ ಹಾಡೊಂದರಿಂದ ಬಂದದ್ದು, 'ಎ ಹಾರ್ಡ್ ರೇನ್ಸ್ ಎ-ಗೊನ್ನಾ ಫಾಲ್' ತಾಯಿ ಮಗನ ಸವಾಲು ಜವಾಬಿನ ಹಳೆಯ ಲಾವಣಿಯೊಂದರ ಧಾಟಿಯಲ್ಲಿದೆ. ಹಳೆಯ ಮಟ್ಟಿಗೆ ಹೊಸ ಮಾತು ಕೂರಿಸುವ ಈ ಕೆಲಸ ನಮ್ಮ ಹಾಡುಗಾರರೂ ಮಾಡಿಕೊಂಡು ಬಂದದ್ದೇ. ಡಿಲನ್ ಅವರ ಅಧಿಕೃತ ಜಾಲತಾಣದಲ್ಲಿ ಹಾಡುಗಳ ಸಾಹಿತ್ಯ ಸಿಗುತ್ತದೆ. ಮೊದಲು ಅದನ್ನು ಓದಿ, ಅನಂತರ ಕೇಳಿದರೆ ಉಚ್ಚಾರಣೆಯ ತೊಡಕು ಬಹುಮಟ್ಟಿಗೆ ಕಳೆಯುತ್ತದೆ.

ತುಮಕೂರಿನ ಕೇಳುಗ:

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ; ಆ ಎರಡು ಹಾಡುಗಳ ಬಗ್ಗೆ ಅವರು ಹೇಳಿದ ಪ್ರತಿಯೊಂದು ಮಾತನ್ನೂ ಒಪ್ಪುತ್ತೇನೆ. ಆದರೂ ಆ ಬಾಗಿಲಿನಿಂದ ಒಳಗೆ ಹೋದವರಿಗೆ ಒಂದು ತೊಂದರೆ ಕಾದಿರುತ್ತದೆ ಎಂಬುದನ್ನು ಹೇಳಬೇಕು. ಹೋರಾಟದ ಹಾಡುಗಾರ ಎಂದು ಡಿಲನ್ ಅವರನ್ನು ಒಮ್ಮೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ, 1965ರ ನಂತರ ಅವರು ಮಾಡಿದ್ದೆಲ್ಲ ವಿಶ್ವಾಸದ್ರೋಹದಂತೆ ಕಾಣತೊಡಗುತ್ತದೆ. ಆಗಿನ ಕೇಳುಗರಿಗೂ ಹಾಗೆಯೇ ಕಂಡಿತ್ತು. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಸಭಿಕರಲ್ಲಿ ಹಲವರು ಕೂಗಾಡಿದರು. ಮರುವರ್ಷ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸಭಿಕನೊಬ್ಬ ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರಿನಿಂದಲೇ ಅವರನ್ನು ಕರೆದ. ಡಿಲನ್ ಅದಕ್ಕೆ, ನಿನ್ನ ಮಾತನ್ನು ನಾನು ನಂಬುವುದಿಲ್ಲ ಎಂದು ಉತ್ತರಿಸಿ, ವಾದ್ಯದವರಿಗೆ ಇನ್ನೂ ಜೋರಾಗಿ ನುಡಿಸಿ ಎಂದು ಹೇಳಿ ಮುಂದಿನ ಹಾಡು ಹಾಡಿದರು. ಆ ರಾತ್ರಿಯ ಧ್ವನಿಮುದ್ರಣ 1998ರಲ್ಲಿ ಅಧಿಕೃತವಾಗಿಯೇ ಹೊರಬಂದಿದೆ.

ಆದ್ದರಿಂದ ನನ್ನ ಸಲಹೆ 1965ರ ಮಾರ್ಚ್‌ನ 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್'. ಈ ಆಲ್ಬಮ್‌ನ ಒಂದು ಬದಿ ವಾದ್ಯವೃಂದದ್ದು, ಇನ್ನೊಂದು ಬದಿ ಬಹುಪಾಲು ಗಿಟಾರ್ ಮತ್ತು ಮೌತ್ ಆರ್ಗನ್‌ನದು. ಹಳೆಯ ಡಿಲನ್ ಹೊಸ ಡಿಲನ್ ಆಗುವುದು ಒಂದೇ ಗ್ರಾಮಫೋನ್ ತಟ್ಟೆಯಲ್ಲಿ ನಿಮಗೆ ಕೇಳಿಸುತ್ತದೆ. ಎರಡನೆಯ ಬದಿಯ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಯಾವ ಸುದ್ದಿಯ ಬಗ್ಗೆಯೂ ಅಲ್ಲ, ಯಾವ ಅನ್ಯಾಯದ ಬಗ್ಗೆಯೂ ಅಲ್ಲ. ನಿದ್ದೆ ಬಾರದ ಒಬ್ಬ ಮನುಷ್ಯ ಹಾಡುಗಾರನನ್ನು ಕರೆದು, ನನ್ನನ್ನು ನಿನ್ನ ಹಿಂದೆ ಕರೆದುಕೊಂಡು ಹೋಗು ಎಂದು ಬೇಡುತ್ತಾನೆ, ಅಷ್ಟೇ. ಮಾತಿನ ಒಳಗಿನ ಪ್ರಾಸಗಳು ಒಂದರ ಮೇಲೊಂದು ಉರುಳಿ ಬರುವ ರೀತಿಯನ್ನು, ಅರ್ಥ ಬದಿಗಿಟ್ಟು, ಕಿವಿಗೊಟ್ಟು ಕೇಳಿ ನೋಡಿ. ನಮ್ಮಲ್ಲಿ ಪದ್ಯವನ್ನು ಗಟ್ಟಿಯಾಗಿ ಓದಿಸುತ್ತಿದ್ದರಲ್ಲ, ಅದರ ಸುಖ ಇಲ್ಲಿ ಸಿಗುತ್ತದೆ.

ಅದೇ ವರ್ಷದ ಆಗಸ್ಟ್‌ನಲ್ಲಿ 'ಹೈವೇ 61 ರೀವಿಸಿಟೆಡ್' ಬಂತು. ಆ ಹೆದ್ದಾರಿ ಡಿಲನ್ ಹುಟ್ಟಿದ ಉತ್ತರದ ಸೀಮೆಯಿಂದ, ಕಪ್ಪು ಜನರ ಬ್ಲೂಸ್ ಸಂಗೀತದ ತವರಾದ ಮಿಸಿಸಿಪ್ಪಿಯನ್ನು ಹಾದು ನ್ಯೂ ಆರ್ಲಿಯನ್ಸ್‌ವರೆಗೆ ಹೋಗುತ್ತಿದ್ದ ದಾರಿ. ಆ ಸಂಗೀತದೊಂದಿಗೆ ತಮಗಿರುವ ನಂಟನ್ನು ಅವರು ಹೆಸರಿನಲ್ಲಿಯೇ ಹೇಳಿದ್ದಾರೆ. ಇದರ ಮೊದಲ ಹಾಡು 'ಲೈಕ್ ಎ ರೋಲಿಂಗ್ ಸ್ಟೋನ್'. ರೇಡಿಯೋ ಹಾಡುಗಳು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಕಾಲದಲ್ಲಿ ಇದು ಆರು ನಿಮಿಷ ದಾಟಿತ್ತು. ಡ್ರಮ್ಮಿನ ಒಂದೇ ಪೆಟ್ಟಿನಿಂದ ಶುರುವಾಗುವ ಈ ಹಾಡಿನಲ್ಲಿ ಆರ್ಗನ್ ನುಡಿಸಿದ ಆಲ್ ಕೂಪರ್ ಗಿಟಾರ್ ವಾದಕರು. ಆ ದಿನ ನೋಡಲು ಬಂದು, ಖಾಲಿಯಿದ್ದ ಆರ್ಗನ್ ಮುಂದೆ ಕುಳಿತುಬಿಟ್ಟವರು. ಉಳಿದವರು ಸ್ವರ ಬದಲಿಸಿದ್ದನ್ನು ಕೇಳಿ ಖಚಿತಪಡಿಸಿಕೊಂಡು ತಾವು ನುಡಿಸಿದ್ದರಿಂದ ಅವರ ಆರ್ಗನ್ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿದರೆ ಅದು ಸ್ಪಷ್ಟವಾಗಿ ತಿಳಿಯುತ್ತದೆ, ತಿಳಿದ ಮೇಲೆ ಆ ತಡವೇ ಹಾಡಿನ ಸೊಗಸು ಎನ್ನಿಸುತ್ತದೆ.

1966ರ 'ಬ್ಲಾಂಡ್ ಆನ್ ಬ್ಲಾಂಡ್' ಎರಡು ತಟ್ಟೆಗಳ ದೊಡ್ಡ ಆಲ್ಬಮ್. ಅದು ನನಗೆ ಪ್ರಾಣ, ಆದರೆ ಮೊದಲ ಸಲಕ್ಕೆ ಭಾರವಾಗಬಹುದು; ಆಮೇಲೆ ಕೇಳಿ. ಒಂದು ಮಾತು: ಆಲ್ಬಮನ್ನು ಇದ್ದ ಅನುಕ್ರಮದಲ್ಲಿಯೇ ಕೇಳಿ, ಮೊಬೈಲು ತಾನಾಗಿ ಹಾಡು ಕಲೆಸಿ ಹಾಕುವುದನ್ನು ನಿಲ್ಲಿಸಿಕೊಳ್ಳಿ.

ಚಿಂತಾಮಣಿಯಿಂದ:

ನಾನು ನಮ್ಮೂರಿನ ಭಜನಾ ಮಂಡಳಿಯಲ್ಲಿ ಕೈವಾರ ತಾತಯ್ಯನವರ ಪದಗಳನ್ನು ಹಾಡುವವಳು. ಡಿಲನ್ ಅವರ ಹಾಡುಗಳನ್ನು ಕೇಳತೊಡಗಿದ್ದು ಮಗಳ ಒತ್ತಾಯಕ್ಕೆ; ಈಗ ಅವಳಿಗಿಂತ ಹೆಚ್ಚಾಗಿ ನಾನೇ ಕೇಳುತ್ತೇನೆ. ಇಲ್ಲಿ ಯಾರೂ ಹೇಳದ ಒಂದು ಆಲ್ಬಮ್ ಇದೆ: 1967ರ ಕೊನೆಯಲ್ಲಿ ಬಂದ 'ಜಾನ್ ವೆಸ್ಲಿ ಹಾರ್ಡಿಂಗ್'.

ಮೊದಲು ಅದರ ಮುಖಪುಟದ ಚಿತ್ರ ನೋಡಿ. ಕಪ್ಪುಬಿಳುಪಿನ ಆ ಫೋಟೋದಲ್ಲಿ ಡಿಲನ್ ಅವರ ಇಕ್ಕೆಲಗಳಲ್ಲಿ ನಿಂತಿರುವ ಇಬ್ಬರು ನಮ್ಮ ದೇಶದವರು, ಬಂಗಾಳದ ಬಾವುಲ್ ಹಾಡುಗಾರರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಡಿಲನ್ ಅವರ ಆಗಿನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಈ ಇಬ್ಬರನ್ನೂ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ಗೆ ಕರೆಸಿಕೊಂಡಿದ್ದರು. ಏಕತಾರಿ ಹಿಡಿದು, ದೇಹವನ್ನೇ ಗುಡಿ ಮಾಡಿಕೊಂಡು, ಒಗಟಿನ ಮಾತಿನಲ್ಲಿ ಹಾಡುವ ಬಾವುಲರನ್ನು ನಮ್ಮ ತತ್ವಪದದವರ ದಾಯಾದಿಗಳೆಂದೇ ನಾನು ತಿಳಿದಿದ್ದೇನೆ. ಆಲ್ಬಮ್‌ನ ಹಾಡುಗಳಲ್ಲಿ ಬಾವುಲ್ ಸಂಗೀತವೇನೂ ಇಲ್ಲ, ಹಾಗೆಂದು ಹೇಳುವುದು ತಪ್ಪಾಗುತ್ತದೆ. ಆದರೆ ಆ ಹಾಡುಗಳು ನಡೆಯುವ ರೀತಿ ನಮಗೆ ಗುರುತು ಸಿಗುವಂಥದ್ದು. ಗಿಟಾರ್, ಮೌತ್ ಆರ್ಗನ್, ಬೇಸ್, ಡ್ರಮ್ಮು, ಒಂದೆರಡು ಹಾಡುಗಳಿಗೆ ಪಿಯಾನೊ, ಕಡೆಯ ಎರಡು ಹಾಡುಗಳಿಗೆ ಮಾತ್ರ ಇನ್ನೊಂದು ವಾದ್ಯ, ಇಷ್ಟೇ ಪಕ್ಕವಾದ್ಯ. ಹೆಚ್ಚಿನ ಹಾಡುಗಳಿಗೆ ಪಲ್ಲವಿಯೇ ಇಲ್ಲ. ಮೂರು ನುಡಿಯಲ್ಲಿ ಒಂದು ದೃಷ್ಟಾಂತ ಹೇಳಿ ಮುಗಿಸುತ್ತಾರೆ.

'ಆಲ್ ಅಲಾಂಗ್ ದ ವಾಚ್‌ಟವರ್' ಕೇಳಿ. ವಿದೂಷಕ ಮತ್ತು ಕಳ್ಳ ಇಬ್ಬರೂ ಮಾತಾಡಿಕೊಳ್ಳುತ್ತಿರುತ್ತಾರೆ. ಇಲ್ಲಿಂದ ಪಾರಾಗುವ ದಾರಿ ಇರಬೇಕು ಎನ್ನುತ್ತಾನೆ ಒಬ್ಬ, ಹೊತ್ತಾಗುತ್ತಿದೆ ಎನ್ನುತ್ತಾನೆ ಇನ್ನೊಬ್ಬ. ಮೂರನೆಯ ನುಡಿಯಲ್ಲಿ ಕೋಟೆಯ ಕಾವಲು ಗೋಪುರ ಕಾಣಿಸುತ್ತದೆ, ದೂರದಲ್ಲಿ ಇಬ್ಬರು ಕುದುರೆ ಸವಾರರು ಬರುತ್ತಿದ್ದಾರೆ, ಗಾಳಿ ಊಳಿಡುತ್ತಿದೆ. ಅಲ್ಲಿಗೆ ಹಾಡು ಮುಗಿಯಿತು. ಆ ಸವಾರರೇ ಮೊದಲ ನುಡಿಯ ಇಬ್ಬರು ಇರಬಹುದಲ್ಲವೇ ಎಂದು ಹೊಳೆದಾಗ ಕಥೆ ಮತ್ತೆ ಮೊದಲಿಗೆ ಹೋಗುತ್ತದೆ. 1968ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದನ್ನು ಬೇರೆಯೇ ರಭಸದಲ್ಲಿ ಹಾಡಿದರು. ಮುಂದೆ ಡಿಲನ್ ಸ್ವತಃ ಹೆಂಡ್ರಿಕ್ಸ್ ಅವರ ಧಾಟಿಗೆ ಹತ್ತಿರವಾಗಿ ಹಾಡತೊಡಗಿದರು. ತಾವು ಕಟ್ಟಿದ ಹಾಡನ್ನು ಇನ್ನೊಬ್ಬರಿಂದ ಮರಳಿ ಪಡೆಯುವ ದೊಡ್ಡತನ ನನಗೆ ಬಹಳ ಹಿಡಿಸಿತು.

ಅವರ ದನಿ ಒರಟು ಎಂದು ದೂರುವವರಿಗೆ 1969ರ 'ನ್ಯಾಶ್‌ವಿಲ್ ಸ್ಕೈಲೈನ್' ಕೇಳಿಸಿ. ಅಲ್ಲಿ ಎಷ್ಟು ನಯವಾಗಿ ಹಾಡಿದ್ದಾರೆಂದರೆ, ಉಳಿದ ಕಡೆಯ ಒರಟುತನ ಬೇಕೆಂದೇ ಆರಿಸಿಕೊಂಡದ್ದು ಎಂಬುದು ಆಗ ಗೊತ್ತಾಗುತ್ತದೆ.

ಕೋಲಾರದ ಮೇಷ್ಟ್ರು:

ಮೂವರಿಗೂ ಕೃತಜ್ಞತೆಗಳು. 'ನಾರ್ತ್ ಕಂಟ್ರಿ ಬ್ಲೂಸ್' ಸಾಹಿತ್ಯವನ್ನು ಓದಿ, ಅನಂತರ ಎರಡು ಸಲ ಕೇಳಿದೆ. ನನ್ನ ಮೊದಲ ಆಲ್ಬಮ್ ಅದೇ ಎಂದು ನಿಶ್ಚಯಿಸಿದ್ದೇನೆ. ಮೇಡಂ ಅವರು ಹೇಳಿದ ಮುಖಪುಟವನ್ನೂ ನೋಡಿದೆ, 'ಜಾನ್ ವೆಸ್ಲಿ ಹಾರ್ಡಿಂಗ್' ಎರಡನೆಯದು. ತುಮಕೂರಿನವರ ಎಚ್ಚರಿಕೆಯನ್ನೂ ಮರೆಯುವುದಿಲ್ಲ.

ಮೂರನೆಯದರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. 'ಬ್ಲಡ್ ಆನ್ ದ ಟ್ರ್ಯಾಕ್ಸ್' ಅವರ ಅತ್ಯುತ್ತಮ ಕೃತಿ ಎಂದು ಹಲವು ಕಡೆ ಓದುತ್ತಿದ್ದೇನೆ, ನೀವ್ಯಾರೂ ಅದರ ಮಾತೆತ್ತಲಿಲ್ಲ. ಅವರು ವಯಸ್ಸಾದ ಮೇಲೆ ಮಾಡಿದ ಆಲ್ಬಮ್‌ಗಳು ಹೇಗಿವೆ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಗೌರಿಬಿದನೂರು:

ಮೇಷ್ಟ್ರೇ, ವಯಸ್ಸಾದ ಮೇಲಿನವುಗಳ ಬಗ್ಗೆ ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. 1997ರ 'ಟೈಮ್ ಔಟ್ ಆಫ್ ಮೈಂಡ್' ಕೇಳಿ; ಆ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆದದ್ದು ಅದು. ಅದರಲ್ಲಿ 'ನಾಟ್ ಡಾರ್ಕ್ ಯೆಟ್' ಎಂಬ ಹಾಡಿದೆ, ಮುಸ್ಸಂಜೆಯ ಹೊತ್ತಿನಲ್ಲಿ ಕುಳಿತ ಒಬ್ಬ ದಣಿದ ಮನುಷ್ಯನದು. ಐವತ್ತು ದಾಟಿದವರು ಅದನ್ನು ಒಂಟಿಯಾಗಿ ಕೇಳುವುದು ಒಳ್ಳೆಯದು. 2020ರ 'ರಫ್ ಅಂಡ್ ರೌಡಿ ವೇಸ್' ಬಂದಾಗ ಅವರಿಗೆ ಎಪ್ಪತ್ತೊಂಬತ್ತು. ಅದರ ಕೊನೆಯ ಹಾಡು ಅಧ್ಯಕ್ಷ ಕೆನಡಿ ಅವರ ಕೊಲೆಯಿಂದ ಶುರುವಾಗಿ ಸುಮಾರು ಹದಿನೇಳು ನಿಮಿಷ ನಡೆಯುತ್ತದೆ. ಎಂಬತ್ತರ ದಶಕದ ಆಲ್ಬಮ್‌ಗಳನ್ನು ಸದ್ಯಕ್ಕೆ ಬಿಟ್ಟರೂ ನಷ್ಟವಿಲ್ಲ, 1989ರ 'ಓ ಮರ್ಸಿ' ಒಂದನ್ನು ಬಿಟ್ಟು.

ಇನ್ನು 1975ರ ಜನವರಿಯ 'ಬ್ಲಡ್ ಆನ್ ದ ಟ್ರ್ಯಾಕ್ಸ್'. ನನ್ನ ಪಾಲಿಗೆ ಅದಕ್ಕಿಂತ ದೊಡ್ಡದು ಇಲ್ಲ, ನಿಮ್ಮ ಮೂರನೆಯದು ಅದೇ ಆಗಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ. ಡಿಲನ್ ಅವರ ದಾಂಪತ್ಯ ಬಿರುಕು ಬಿಡುತ್ತಿದ್ದ ಕಾಲದಲ್ಲಿ ಬರೆದ ಹತ್ತು ಹಾಡುಗಳು ಇದರಲ್ಲಿವೆ. ಇದು ತಮ್ಮ ಬಾಳಿನ ಕಥೆ ಎಂಬುದನ್ನು ಅವರು ಒಪ್ಪಿಲ್ಲ, ನಾವೂ ಅದನ್ನು ಕೆದಕಬೇಕಾಗಿಲ್ಲ. ಅಗಲಿಕೆಯ ನೋವಿನಲ್ಲಿ ಎಷ್ಟು ಬಗೆಗಳಿವೆ ಎಂಬುದಷ್ಟೇ ನಮಗೆ ಬೇಕಾದದ್ದು. 1974ರಲ್ಲಿ ಅವರು ನ್ಯೂಯಾರ್ಕಿನಲ್ಲಿ ನಾರ್ಮನ್ ರೇಬನ್ ಎಂಬ ಗುರುಗಳ ಬಳಿ ಚಿತ್ರಕಲೆ ಕಲಿಯಲು ಹೋಗುತ್ತಿದ್ದರು. ಚಿತ್ರವೊಂದರಲ್ಲಿ ಎಲ್ಲ ಭಾಗಗಳೂ ಏಕಕಾಲಕ್ಕೆ ಕಣ್ಣಿಗೆ ಬೀಳುವಂತೆ, ಹಾಡಿನಲ್ಲಿಯೂ ನಿನ್ನೆ, ಇಂದು, ನಾಳೆಗಳನ್ನು ಒಟ್ಟಿಗೆ ಇಡಬಹುದು ಎಂಬ ತಿಳಿವಳಿಕೆ ಅವರಿಗೆ ಅಲ್ಲಿ ಸಿಕ್ಕಿತು. ಮೊದಲ ಹಾಡಾದ 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಕಟ್ಟಿರುವುದು ಹಾಗೆಯೇ. ಒಬ್ಬ ಗಂಡು, ಒಬ್ಬ ಹೆಣ್ಣು, ಹಲವು ಊರು, ಹಲವು ವರ್ಷ. ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲು ಹೋದರೆ ಕೈಗೆ ಸಿಗುವುದಿಲ್ಲ, ಬಿಟ್ಟು ಕೇಳಿದರೆ ಒಂದು ಇಡೀ ಬದುಕು ಕಂಡಂತಾಗುತ್ತದೆ.

ಈ ಆಲ್ಬಮ್‌ನಲ್ಲಿ ನೀವು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 1974ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹತ್ತೂ ಹಾಡುಗಳ ಧ್ವನಿಮುದ್ರಣ ಮುಗಿದು, ಹೊದಿಕೆಗಳೂ ಅಚ್ಚಾಗಿದ್ದವು. ಡಿಸೆಂಬರ್‌ನಲ್ಲಿ ಊರಿಗೆ ಹೋದ ಡಿಲನ್, ತಮ್ಮ ಸೋದರ ಡೇವಿಡ್ ಅವರ ಮಾತಿನಂತೆ ಐದು ಹಾಡುಗಳನ್ನು ಮಿನಿಯಾಪೊಲಿಸ್‌ನಲ್ಲಿ ಅಲ್ಲಿನ ವಾದಕರೊಂದಿಗೆ ಮತ್ತೆ ಹಾಡಿದರು. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಹಾಡಿಗೆ ಶ್ರುತಿ ಏರಿಸಿದರೆ ಚೆನ್ನಾಗಿರುತ್ತದೆ ಎಂದು ಗಿಟಾರ್ ವಾದಕರೊಬ್ಬರು ಸೂಚಿಸಿದಾಗ ಅದನ್ನೂ ಒಪ್ಪಿಕೊಂಡರು. ಅಚ್ಚಾದ ಹೊದಿಕೆಯಲ್ಲಿ ಆ ಊರಿನ ವಾದಕರ ಹೆಸರುಗಳೇ ಇರಲಿಲ್ಲ. ಬಿಟ್ಟ ನ್ಯೂಯಾರ್ಕ್ ಧ್ವನಿಮುದ್ರಣಗಳು 2018ರ 'ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್' ಸಂಗ್ರಹದಲ್ಲಿ ಈಗ ಯಾರಿಗಾದರೂ ಸಿಗುತ್ತವೆ.

ಮೂಲ ಆಲ್ಬಮ್ ನಿಮ್ಮ ಕಿವಿಯಲ್ಲಿ ಕೂತ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. 'ಈಡಿಯಟ್ ವಿಂಡ್' ಮಿನಿಯಾಪೊಲಿಸ್‌ನಲ್ಲಿ ಸಿಟ್ಟಿನ ಹಾಡು, ಹಲ್ಲು ಕಚ್ಚಿ ಹಾಡಿದ್ದು. ನ್ಯೂಯಾರ್ಕಿನಲ್ಲಿ ಅದೇ ಹಾಡು ತಗ್ಗಿದ ದನಿಯಲ್ಲಿದೆ, ಅವಳನ್ನು ಬೈಯುತ್ತ ಹೋಗಿ ಕೊನೆಯ ಪಲ್ಲವಿಯಲ್ಲಿ ಆ ಬೈಗುಳಕ್ಕೆ ತನ್ನನ್ನೂ ಸೇರಿಸಿಕೊಳ್ಳುವಾಗ ಅದು ನಿಜವೆಂದು ನಂಬಿಕೆ ಬರುತ್ತದೆ. ಅದಕ್ಕೆ ಆ ಹಾಡನ್ನು ನಾನು ನ್ಯೂಯಾರ್ಕಿನದನ್ನೇ ಇಟ್ಟುಕೊಂಡಿದ್ದೇನೆ. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಮಾತ್ರ ಮಿನಿಯಾಪೊಲಿಸ್‌ನದೇ ಮೇಲು, ಏರಿದ ಆ ಶ್ರುತಿಯಲ್ಲಿ ಹಾಡು ನಿಲ್ಲದೆ ಮುಂದೆ ಓಡುತ್ತದೆ. 'ಇಫ್ ಯೂ ಸೀ ಹರ್, ಸೇ ಹಲೋ' ಎರಡರಲ್ಲಿ ಯಾವುದು ಎಂದು ನನಗೆ ಇಂದಿಗೂ ಆರಿಸಲಾಗಿಲ್ಲ. ನೀವು ಕೇಳಿ, ಯಾವುದೆಂದು ಇಲ್ಲಿ ಬರೆಯಿರಿ.